ಚಿಕ್ಕಮ್ಮ ಓದಿದ ಮಂತ್ರ

ಮೊಮ್ಮಗಳು ಇವತ್ತು ಮೊಬೈಲಿನಲ್ಲಿ ದೆವ್ವದ ಸಿನಿಮಾ ನೋಡುತ್ತಿದ್ದಳು. ಅದರಲ್ಲಿ ಯಾರೋ ಶಾಪದ ಪುಸ್ತಕವೊಂದನ್ನು ತೆರೆದರು. ನನ್ನ ಮನಸ್ಸು ಜೋಗದ ಪವರ್‌ಹೌಸ್ ಕಾಲೋನಿಗೆ ಹೋಗಿಬಿಟ್ಟಿತು.

ಆಗ ನಾನಿನ್ನೂ ಲಂಗ ತೊಡುವ ಹುಡುಗಿ. ವಾರಪತ್ರಿಕೆಯೊಂದರಲ್ಲಿ ಭಯಾನಕ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ‘ಕಾಳನಿಶಾ’ ಎಂಬ ತಾಳೆಗರಿ ಗ್ರಂಥವಿತ್ತು. ಅದರ ಮಂತ್ರವನ್ನು ಬಾಯಿಬಿಟ್ಟು ಓದಿದವರು ಮುಂದಿನ ಅಮಾವಾಸ್ಯೆಯೊಳಗೆ ಸಾಯುತ್ತಿದ್ದರು. ಎಲ್ಲವೂ ಕಥೆಗಾರನ ಕಲ್ಪನೆ. ಆದರೆ ಕಾಲೋನಿಯ ಹೆಂಗಸರು ಆ ಗ್ರಂಥ ಕೆಳದಿಯ ಕಡೆ ಯಾರದೋ ಅಟ್ಟದಲ್ಲಿದೆ ಎಂದೇ ನಂಬಿದ್ದರು. ಸಾಗರದ ಸಂತೆಯಲ್ಲಿ ಅದಕ್ಕೆಂದೇ ತಾಯಿತವೂ ಸಿಗುತ್ತಿತ್ತು.

ಪತ್ರಿಕೆಯಲ್ಲಿ ಅಚ್ಚಾಗಿದ್ದ ಮಂತ್ರವನ್ನು ಒಂದು ದಿನ ನಾನು ಗಟ್ಟಿಯಾಗಿ ಓದಿಬಿಟ್ಟೆ. ಆಮೇಲೆ ನನಗೆ ಊಟ ಸೇರಲಿಲ್ಲ. ನಮ್ಮ ಮನೆಯಲ್ಲೇ ಇದ್ದ ಚಿಕ್ಕಮ್ಮ ಗಲ್ಲ ಹಿಡಿದು ಕೇಳಿದಳು.

“ಎಂತ ಆಯ್ತೇ ನಿಂಗೆ?”

“ನಾನು ಸಾಯ್ತೀನಿ ಚಿಕ್ಕಮ್ಮ. ಆ ಮಂತ್ರ ಓದ್ಬಿಟ್ಟೆ.”

ಅವಳು ಪತ್ರಿಕೆ ತೆಗೆದುಕೊಂಡು, ಹಿತ್ತಿಲ ಬಿಸಿಲಲ್ಲಿ ನಿಂತು, ಮಂತ್ರವನ್ನು ಪೂರ್ತಿ ಓದಿದಳು.

“ಈಗ ನಿಂಗೆ ಆಗೋದು ನಂಗೂ ಆಗ್ತದೆ. ಇಬ್ರೂ ಒಟ್ಟಿಗೇ ಇರ್ತೀವಲ್ಲ, ಬಾ, ಗಂಜಿ ಉಣ್ಣು.”

ಉಂಡೆ. ಅಮಾವಾಸ್ಯೆ ಬಂದು ಹೋಯಿತು.

ನನಗೆ ಮಗುವಾದ ಮೇಲೆ ಒಮ್ಮೆ ಚಿಕ್ಕಮ್ಮನನ್ನು ಕೇಳಿದೆ, “ಅದು ಸುಳ್ಳು ಅಂತ ನಿಂಗೆ ಗೊತ್ತಿತ್ತಲ್ವಾ?”

“ಎಲ್ಲಿ ಗೊತ್ತಿತ್ತು ಮಾರಾಯ್ತಿ? ಅಮಾವಾಸ್ಯೆ ಕಳೆಯೋ ತನಕ ನಂಗೆ ನಿದ್ದೆಯೇ ಬರ್ಲಿಲ್ಲ” ಎಂದಳು.

ಚಿಕ್ಕಮ್ಮ ಈಗಿಲ್ಲ. ಅಷ್ಟು ಹೆದರಿಕೊಂಡೂ ನನ್ನ ಪಕ್ಕಕ್ಕೆ ಬಂದು ನಿಂತವಳನ್ನು ಇವತ್ತು ಕೈಮುಗಿದು ನೆನೆದೆ.