ತೊಳೆದು ತಂದ ಮೆಣಸಿನೆಲೆ

ಎಲೆಗಳು ಒದ್ದೆಯಾಗಿದ್ದವು. ಗಂಟು ಬಿಚ್ಚಿದ ಕೂಡಲೇ ಬೆರಳಿಗೆ ನೀರು ತಾಗಿತು. ಮೆಣಸಿನ ಗಿಡದ ಎಲೆಗಳನ್ನು ಒಂದೊಂದಾಗಿ, ಎರಡೂ ಮಗ್ಗುಲು ಬೆರಳಿನಿಂದ ತಿಕ್ಕಿ ತೊಳೆದು, ಹಸಿ ಬಟ್ಟೆಯಲ್ಲಿ ವೀಳ್ಯದೆಲೆಯ ಹಾಗೆ ಜೋಡಿಸಿದ್ದರು. ತಂದ ಹೆಂಗಸು ಎದುರಿಗೇ ನಿಂತಿದ್ದರು. ಪಾಪಿನಾಯಕನಹಳ್ಳಿ ಕಡೆಯ ಹೊಲದಿಂದ ನಡೆದು, ಬಸ್ಸು ಹಿಡಿದು, ಸಂಡೂರಿನ ನಮ್ಮ ಸಂಶೋಧನಾ ಕೇಂದ್ರದವರೆಗೆ ಬಂದಿದ್ದರು. ಮುಖದ ತುಂಬ ಸಂಭ್ರಮ.

“ನಿಮ್ಮ ಮಿಷಿನ್ನಿಗೆ ಧೂಳ ಹತ್ತಬಾರ್ದಂತ ಚಲೋತ್ನಂಗ ತೊಳಕೊಂಡು ಬಂದೀನ್ರಿ ಮೇಡಂ,” ಅಂದರು. “ಹೊಲಸು ಎಲಿ ಹ್ಯಾಂಗ ಕೊಡೋದ್ರಿ ನಿಮ್ಮಂಥೋರ ಕೈಯಾಗ?”

ನಮಗೆ ಬೇಕಾಗಿದ್ದದ್ದು ಆ ಹೊಲಸೇ.

ನಾನು ಆಗ ಆ ಕೇಂದ್ರದಲ್ಲಿ ಯೋಜನಾ ಸಹಾಯಕಿ. ಭೌತಶಾಸ್ತ್ರ ಓದಿ, ದಿನಾ ಹೊಸಪೇಟೆಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಯೋಜನೆಯ ಹೆಸರು ಒಂದೇ ಉಸಿರಿನಲ್ಲಿ ಹೇಳಲಾಗದಷ್ಟು ಉದ್ದ. ಅದರಲ್ಲಿ ಬೆಳಕು, ಹವಾಮಾನ, ಮಹಿಳೆ, ಕೃಷಿ ಎಲ್ಲವೂ ಇದ್ದವು, ಧೂಳೊಂದು ಬಿಟ್ಟು. ಕೆಲಸ ಮಾತ್ರ ಸರಳ. ಎಲೆಯ ಮೇಲೆ ಬೆಳಕು ಬಿಡಬೇಕು, ತಿರುಗಿ ಬರುವ ಬೆಳಕನ್ನು ಬಣ್ಣ ಬಣ್ಣವಾಗಿ ಅಳೆಯಬೇಕು. ಹಸಿರೆಲೆಯಿಂದ ಬರುವ ಗೆರೆಯೇ ಬೇರೆ, ಗಣಿ ಲಾರಿಗಳಿಂದ ಹಾರುವ ಅದಿರಿನ ಕೆಂಧೂಳು ಕೂತ ಎಲೆಯಿಂದ ಬರುವ ಗೆರೆಯೇ ಬೇರೆ. ಎಷ್ಟು ಧೂಳು ಕೂತಿದೆ ಎಂಬುದನ್ನು ಗೆರೆಯೇ ಹೇಳುತ್ತದೆ.

ಎಲೆಯ ಮೇಲಿನ ಧೂಳನ್ನು ನೋಡಬೇಕೆಂಬುದು ಮೊದಲು ಹೊಳೆದದ್ದು ಯೋಜನೆಯ ಮುಖ್ಯಸ್ಥರಾದ ನಮ್ಮ ಸರ್‌ಗಲ್ಲ, ಎಲೆ ತಂದ ಈ ಅಕ್ಕನಿಗೆ. ಮೊದಲ ಸಲ ಹೊಲಕ್ಕೆ ಹೋದಾಗ ಬದುವಿನ ಮೇಲೆ ಕೂತು ಹೇಳಿದ್ದರು: “ಮೊದಲೂ ಲಾರಿ ಇದ್ವು, ಮೊದಲೂ ಧೂಳ ಇತ್ತು. ಆದ್ರ ಮಳಿ ಬಂದು ಎಲಿ ತೊಳೀತಿತ್ರಿ. ಈಗ ಬಂದ್ರ ಒಮ್ಮಿಗೇ ಸುರೀತೈತಿ, ಆಮ್ಯಾಲ ವಾರಗಟ್ಲೆ ಪತ್ತೆ ಇರಂಗಿಲ್ಲ. ಧೂಳಿನ ಮ್ಯಾಲ ಧೂಳ ಕುಂತು ಎಲಿ ಮುರುಟಿ ಹೂವು ಉದುರ್ತಾವು.” ಸರ್ ತಲೆಯಾಡಿಸುತ್ತ ಕೇಳಿದರು. ಮುಂದಿನ ವಾರ ಅದೇ ಮಾತು ಇಂಗ್ಲಿಷ್ ಉಟ್ಟುಕೊಂಡು, ಸರ್ ಹೆಸರಿನ ಕೆಳಗೆ, ಯೋಜನೆಯ ಮೊದಲ ಪುಟದಲ್ಲಿ ಕೂತಿತ್ತು. ಟೈಪು ಮಾಡಿದವಳು ನಾನೇ. ಅಸಹ್ಯವಾಯಿತು, ಆದರೂ ಅಕ್ಷರ ತಪ್ಪಿಲ್ಲದಂತೆ ಮಾಡಿಕೊಟ್ಟೆ.

ಆ ಮಳೆಗಾಲದಲ್ಲೇ ಅಕ್ಕ ಮತ್ತು ಅಕ್ಕಪಕ್ಕದ ಹೊಲದ ಹೆಂಗಸರು ಒಂದು ಬೆಳಿಗ್ಗೆ ಲಾರಿಗಳಿಗೆ ಅಡ್ಡ ನಿಂತರು. ಜೀಪಿನಲ್ಲಿ ಬಂದ ಅಧಿಕಾರಿ, ವೈಜ್ಞಾನಿಕ ವರದಿ ತಂದು ತೋರಿಸಿದರೆ ಲಾರಿಗಳನ್ನು ಸುತ್ತು ರಸ್ತೆಗೆ ಹಾಕಿಸುವುದಾಗಿ ಮಾತು ಕೊಟ್ಟು ಹೋದರು. ವರದಿ ಬರೆಯಬೇಕಾದವರು ನಾವು. ಅವತ್ತಿನಿಂದ ಆ ಹೆಂಗಸರಿಗೆ ನಮ್ಮ ಯಂತ್ರದ ಮೇಲೆ ಎಲ್ಲಿಲ್ಲದ ನಂಬಿಕೆ. “ಅದು ಯಾರ ಮುಖ ನೋಡಿನೂ ಮಾತಾಡಂಗಿಲ್ಲ ಅಲ್ರೀ?” ಎಂದು ಅಕ್ಕ ನನ್ನನ್ನು ಎರಡು ಸಲ ಕೇಳಿದ್ದರು. ಇಲ್ಲ ಎಂದು ಎರಡು ಸಲವೂ ಹೇಳಿದ್ದೆ.

ಎಲೆಗಳನ್ನು ನಾವೇ ಹೊಲಕ್ಕೆ ಹೋಗಿ, ಕೈಗವಸು ಹಾಕಿ, ಧೂಳು ಅಲುಗದಂತೆ ಚಿಮುಟದಿಂದ ಕಿತ್ತು, ಒಣ ಕಾಗದದ ಚೀಲದಲ್ಲಿ ತರಬೇಕಿತ್ತು. ಆದರೆ ಸರ್ ಹಿಂದಿನ ಸಲ ಹೋಗಿಬಂದಾಗ ಅವರ ಬಿಳಿ ಅಂಗಿ ಕೆಂಪಾಗಿತ್ತು. ಮೂರು ದಿನ ಅದೇ ಮಾತಾಡಿದರು. ಧೂಳಿನ ಮೇಲೆ ಸಂಶೋಧನೆ ಮಾಡುವ ಮನುಷ್ಯನಿಗೆ ಧೂಳೆಂದರೆ ಆಗದು! “ಅವರಿಗೇ ತರಾಕ ಹೇಳಮ್ಮ, ಬಸ್ ಅದಾವಲ್ಲ,” ಅಂದರು. ನಾನು ಫೋನು ಮಾಡಿ, “ಅಕ್ಕಾ, ಒಂದಿಷ್ಟು ಎಲಿ ಕಿತ್ತು ತರ್ರಿ” ಅಂದೆ. ತೊಳೆಯಬೇಡಿ ಅನ್ನಲಿಲ್ಲ. ನನ್ನ ತಾಯಿ ಪೇಟೆಯಿಂದ ತಂದ ಬಾಳೆಹಣ್ಣನ್ನೂ ನಲ್ಲಿಗೆ ಹಿಡಿಯದೆ ಒಳಗೆ ಬಿಡುವವಳಲ್ಲ. ಒಬ್ಬರ ಕೈಗೆ ಸೊಪ್ಪು ಕೊಡುವಾಗ ತೊಳೆದು ಕೊಡುವುದು ನಮ್ಮ ಕಡೆಯ ಹೆಂಗಸರಿಗೆ ಉಸಿರಾಡಿದಷ್ಟು ಸಹಜ ಎಂಬುದು ನನಗಲ್ಲದೆ ಇನ್ಯಾರಿಗೆ ಹೊಳೆಯಬೇಕಿತ್ತು?

ಅಕ್ಕನಿಗೆ ಚಹಾ ಕೊಟ್ಟು ಕಳಿಸಿದೆ. ನೆಟ್ಟಗೆ ಸರ್ ಕೋಣೆಗೆ ಹೋದೆ.

“ಸರ್, ಎಲಿ ತೊಳದು ತಂದಾರ್ರಿ. ಧೂಳಾ ಹೋಗ್ಯದ. ನಾಳೆ ನಾನಾ ಹೋಗಿ ಬ್ಯಾರೆ ಕಿತ್ಕೊಂಡು ಬರ್ತೀನ್ರಿ.”

“ನಾಳೆ ಅತಿಥಿಗಳನ್ನ ಹಂಪಿಗೆ ಕರಕೊಂಡು ಹೋಗೋರ್ಯಾರು? ನಾಡಿದ್ದ ಸೆಮಿನಾರ್ ಅದ.” ಸರ್ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. “ಒರೆಸಿ ರೀಡಿಂಗ್ ತಗೋ. ತೊಳದ್ರೂ ಎಲಿ ಎಲೀನ. ಸುಮ್ನ ತಲಿ ತಿನ್ನಬ್ಯಾಡ.”

ತಗೊಂಡೆ. ಒಂದೊಂದೇ ಎಲೆಯನ್ನು ಟಿಶ್ಯೂ ಕಾಗದದಿಂದ ಒತ್ತಿ ಒರೆಸಿ, ಬೆಳಕಿನ ಕೆಳಗೆ ಇಟ್ಟೆ. ಪಠ್ಯಪುಸ್ತಕಕ್ಕೆ ಹಾಕಬಹುದಾದಷ್ಟು ಚೊಕ್ಕ ಗೆರೆಗಳು ಬಂದವು. ಪ್ರತಿ ಎಲೆಗೂ ಒಂದೊಂದು ನಮೂನೆ ತುಂಬಬೇಕಿತ್ತು. ಅದರಲ್ಲಿ ಒಂದು ಪ್ರಶ್ನೆ: ಎಲೆಯನ್ನು ತೊಳೆಯಲಾಗಿದೆಯೇ? ಹೌದು ಎಂದು ಗುರುತು ಹಾಕಿದ್ದರೆ ಅಷ್ಟೂ ಅಳತೆ ಅಲ್ಲಿಗೇ ರದ್ದಾಗುತ್ತಿತ್ತು, ಸರ್ ಕೂಗಾಡುತ್ತಿದ್ದರು, ವರದಿ ತಡವಾಗುತ್ತಿತ್ತು. ನನ್ನ ಕೆಲಸವನ್ನು ಇನ್ನೊಂದು ವರ್ಷ ಮುಂದುವರಿಸುವ ಕಾಗದ ಅವರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಇಲ್ಲ ಎಂದು ಗುರುತು ಹಾಕಿದೆ. ಒಂದು ಎಲೆಗಲ್ಲ, ಅಷ್ಟೂ ಎಲೆಗಳಿಗೆ. ಕೆಳಗೆ ನನ್ನ ಸಹಿ. ಸರ್ ಬಗ್ಗೆ ನನಗಿರುವ ಹೇಸಿಗೆಯನ್ನು ಎಷ್ಟು ಬೇಕಾದರೂ ಹೇಳಬಲ್ಲೆ, ಆದರೆ ಆ ಪೆನ್ನು ಹಿಡಿದಿದ್ದು ನನ್ನ ಕೈ.

ಮರುದಿನ ಹಂಪಿಯಲ್ಲಿ ಅತಿಥಿಗಳಲ್ಲೊಬ್ಬರು ಕಲ್ಲಿನ ಮೇಲೆ ಬಿದ್ದ ಸಂಜೆಯ ಬೆಳಕನ್ನು ಬಗೆಬಗೆಯಾಗಿ ಹೊಗಳಿದರು. ಬೆಳಕು ಸುಳ್ಳು ಹೇಳುವುದಿಲ್ಲವಂತೆ. ನಾನು ಅವರಿಗೆ ನೀರಿನ ಬಾಟಲಿ ಕೊಟ್ಟೆ.

ಸೆಮಿನಾರು ಹೊಸಪೇಟೆಯ ಒಂದು ಹೋಟೆಲಿನ ತಂಪು ಸಭಾಂಗಣದಲ್ಲಿ. ಬ್ಯಾನರಿನ ಮೇಲೆ ನಗುತ್ತಿದ್ದ ರೈತ ಮಹಿಳೆ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಚಹಾ ತೋಟದಲ್ಲಿ ನಿಂತಿದ್ದಳು. ಚಹಾ, ನಮ್ಮ ಸೀಮೆಯಲ್ಲಿ! ಖಾಲಿ ಕುರ್ಚಿ ಕಾಣಬಾರದೆಂದು ಬುಕ್ಕಸಾಗರ, ಕಂಪ್ಲಿ ಕಡೆಯಿಂದಲೂ ಗದ್ದೆ ಕೆಲಸದ ಹೆಂಗಸರನ್ನು ಟೆಂಪೊದಲ್ಲಿ ತುಂಬಿ ತಂದಿದ್ದರು. ಅಕ್ಕ ತಮ್ಮೂರಿನವರ ಜೊತೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಸರ್ ಪರದೆಯ ಮೇಲೆ ನನ್ನ ಗೆರೆಗಳನ್ನು ತೋರಿಸಿ, ಬೆಳೆಯ ಮೇಲೆ ಗಣನೀಯ ಧೂಳು ಕಂಡುಬಂದಿಲ್ಲ ಎಂದು ಇಂಗ್ಲಿಷಿನಲ್ಲಿ ಓದಿದರು. ಜೀಪಿನ ಅಧಿಕಾರಿ ಎದ್ದು ನಿಂತು ಅಭಿನಂದಿಸಿದರು. ಚಪ್ಪಾಳೆ ಬಿತ್ತು. ಅಕ್ಕನೂ ಚಪ್ಪಾಳೆ ತಟ್ಟಿದರು. ನಾನು ಗೋಡೆಗೆ ಆತು, ಹೊದಿಸಬೇಕಾದ ಶಾಲುಗಳನ್ನು ಹಿಡಿದುಕೊಂಡು ಅದನ್ನು ನೋಡಿದೆ.

ಊಟದ ಸಾಲಿನಲ್ಲಿ ಅಕ್ಕ ತಟ್ಟೆ ಹಿಡಿದು ನನ್ನ ಹತ್ತಿರ ಬಂದರು. “ಏನ್ ಬಂತ್ರಿ ಮೇಡಂ? ಲಾರಿ ಯಾವಾಗಿಂದ ಆ ಕಡಿ ಹಾಕ್ತಾರಂತ?”

ಹೇಳಲೇಬೇಕಿತ್ತು. ಧೂಳು ಇಲ್ಲ ಅಂತ ಬಂದದ, ಲಾರಿ ಅದೇ ರಸ್ತೆದಾಗ ಹೋಗ್ತಾವ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಧೂಳು ಇಲ್ಲವೆಂದರೆ ಹೇಗೆ, ಗಿಡವೆಲ್ಲ ಕೆಂಪಗಿದೆಯಲ್ಲ ಎಂದು ನನ್ನ ಮುಖವನ್ನೇ ನೋಡಿದರು. ಆಗ ನನ್ನ ಬಾಯಿಂದ ಬಂದ ಮಾತು ಇಷ್ಟು: “ನೀವು ಎಲಿ ತೊಳದು ತಂದಿದ್ರಲ್ಲಕ್ಕಾ, ಅದಕ್ಕ.” ಸರ್ ಹೇಳಿದ್ದನ್ನು ಹೇಳಲಿಲ್ಲ. ನಮೂನೆಯ ವಿಷಯವನ್ನೂ ಹೇಳಲಿಲ್ಲ.

ಅಕ್ಕ ತಟ್ಟೆಯನ್ನು ಅಲ್ಲೇ ಮೇಜಿನ ಮೇಲಿಟ್ಟರು. ಜೊತೆಗೆ ಬಂದವರ ಕಡೆ ಒಮ್ಮೆ ತಿರುಗಿ, “ನನ್ನಿಂದ ಆತವಾ, ನಾನಾ ಕೆಡಿಸಿದೆ” ಅಂದರು. ಆಮೇಲೆ ನೆಟ್ಟಗೆ ಸರ್ ಹತ್ತಿರ ಹೋಗಿ, ಅತಿಥಿಗಳ ಎದುರಿಗೇ ಎರಡೂ ಕೈ ಜೋಡಿಸಿದರು. “ತಿಳೀದ ತೊಳದೆ ಸಾಹೇಬ್ರ. ತಪ್ಪಾತ್ರಿ.”

ಸರ್ ಐಸ್‌ಕ್ರೀಮಿನ ಬಟ್ಟಲನ್ನು ಎಡಗೈಗೆ ಬದಲಿಸಿಕೊಂಡು, ಬಲಗೈ ಎತ್ತಿ, “ಇರ್ಲಿ ಇರ್ಲಿ, ಮುಂದಿನ ಸಲ ಹುಷಾರು” ಎಂದು ಕ್ಷಮಿಸಿದರು. ಅತಿಥಿಗಳಿಗೆ ಅವರ ದೊಡ್ಡ ಗುಣ ಮೆಚ್ಚುಗೆಯಾಯಿತು.

ಅಕ್ಕ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. “ನಿಮ್ಮ ಕೆಲಸಾನೂ ಕೆಡಿಸಿದ್ನೇನ್ರಿ ಮೇಡಂ?”

“ಇರ್ಲಿ ಬಿಡ್ರಕ್ಕಾ,” ಅಂದೆ, “ನಿಮಗೇನು ಗೊತ್ತಿತ್ತು.”