ಜನರೇಟರ್ ಗಾಡಿಯ ಕೊಂಡಿ

ನಾನು ಮದುವೆಯಾಗಿ ಚೆಂಬೂರಿಗೆ ಬಂದಾಗ ನನ್ನ ಗಂಡನ ಹತ್ತಿರ ಹಳೆಯ ಜೀಪೊಂದಿತ್ತು. ಅದರ ಹಿಂದೆ ಕೊಂಡಿಗೆ ಸಿಕ್ಕಿಸಿದ ಎರಡು ಚಕ್ರದ ಟ್ರೇಲರ್, ಟ್ರೇಲರಿನ ಮೇಲೆ ಡೀಸೆಲ್ ಜನರೇಟರ್. ಮದುವೆ ಪೆಂಡಾಲುಗಳಿಗೆ ದೀಪ ಹಾಕಿಕೊಡುವುದು ಅವರ ಕಸುಬು. ನಾವು ವಿಜಾಪುರದ ಕಡೆಯವರು. ಹಿರಿಯರ ಜೊತೆ ದಖನಿ ಉರ್ದು ಮಾತಾಡಿದರೂ ನಮ್ಮಿಬ್ಬರ ನಡುವೆ ಕನ್ನಡವೇ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಐದು ತಿಂಗಳ ಬಸುರಿ. ಮುಲುಂಡ್‌ನಲ್ಲಿ ಮದುವೆ ಕೆಲಸವಿತ್ತು, ನನ್ನ ಅಕ್ಕನ ಮನೆಯೂ ಅಲ್ಲೇ. ನನ್ನನ್ನು ಅಲ್ಲಿ ಇಳಿಸಿ ಹೋಗುತ್ತೇನೆಂದು ಮಧ್ಯಾಹ್ನ ಜೀಪಿನಲ್ಲಿ ಕೂರಿಸಿಕೊಂಡರು. ದಾರಿಯಲ್ಲಿ ಹಿಂತಿರುಗಿ ನೋಡಿದೆ.

"ರೀ, ಹಿಂದಿನ ಗಾಡಿ ಆ ಕಡೆ ಈ ಕಡೆ ಹೊಯ್ದಾಡಾಕತ್ತೈತಿ."

"ಅದು ಯಾವಾಗಲೂ ಹಂಗ. ಹೆದರಬ್ಯಾಡ."

ಸೇತುವೆಯ ಇಳಿಜಾರಿನಲ್ಲಿ ವೇಗ ಏರಿತು. ಟ್ರೇಲರ್ ಎಡಕ್ಕೂ ಬಲಕ್ಕೂ ಬೀಸತೊಡಗಿ ಜೀಪಿನ ಹಿಂಭಾಗವನ್ನೇ ಎಳೆದಾಡಿತು. ಅವರು ಗಾಬರಿಯಿಂದ ಬ್ರೇಕ್ ಒತ್ತಿದರು. ಟ್ರೇಲರ್ ಅಡ್ಡಡ್ಡ ತಿರುಗಿ ನಮ್ಮನ್ನು ನೂಕಿತು. ಜೀಪು ಸೇತುವೆಯ ಪಕ್ಕದ ಕಟ್ಟೆಗೆ ಬಡಿಯಿತು. ನಾನು ಮುಂದಕ್ಕೆ ಬಿದ್ದೆ, ಹೊಟ್ಟೆಗೆ ಏಟು ಬಿತ್ತು. ಬೇರಾರಿಗೂ ಏನೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಮಗು ಹೋಯಿತು. ಗಂಡುಮಗು ಎಂದು ಅಕ್ಕ ಆಮೇಲೆ ಹೇಳಿದಳು. ನಾನು ಕೇಳಿರಲಿಲ್ಲ.

ನಾನು ಓಡಾಡುವಂತಾದ ಮೇಲೆ ಅವರು, "ಕುರ್ಲಾಕ್ಕ ಹೋಗೂಣು. ಹೊಸ ಕೊಂಡಿ ಹಾಕಸಬೇಕು. ನೀನೂ ಬಾ," ಎಂದರು. ಬೇಡವೆನ್ನಲು ಮನಸ್ಸಾಗಲಿಲ್ಲ. ಒಬ್ಬರೇ ಹೋಗಲಾರರು ಎಂದು ಅವರ ಮುಖ ಹೇಳುತ್ತಿತ್ತು.

ಗ್ಯಾರೇಜಿನ ಮಿಸ್ತ್ರಿ ಕಲಬುರಗಿ ಕಡೆಯ ಮುದುಕ. ಹಳೆಯ ಕೊಂಡಿಯ ತೂತು ಸವೆದು ಅಗಲವಾಗಿತ್ತು, ಪಿನ್ನು ಅದರೊಳಗೆ ಲೊಡಲೊಡ ಅನ್ನುತ್ತಿತ್ತು. ಮಿಸ್ತ್ರಿ ಎರಡು ಕೊಂಡಿ ಮುಂದಿಟ್ಟರು. ಒಂದು ಗುಂಡು ತಲೆಯದು, ಇನ್ನೊಂದು ಮೇಲೆ ಲಾಕ್ ಬೀಳುವ ದಪ್ಪ ಹುಕ್ಕು.

"ಗುಂಡಿಂದು ಹಗುರ ಗಾಡಿಗೆ ಛಲೋ. ನಿಮ್ಮ ಮಶೀನ್ ಭಾರ ಐತಿ ಭಾಯಿ, ಹುಕ್ಕೇ ಹಾಕ್ಸಿರಿ. ಆದ್ರ ಬರೇ ಕೊಂಡೀಲೇ ಆಗೂದಿಲ್ಲ. ಡೀಸೆಲ್ ಡ್ರಮ್ ಎಲ್ಲಿ ಇಡ್ತೀರಿ?"

"ತೀರ ಹಿಂದ. ಇಳಸಾಕ ಸಲೀಸು ಅಂತ."

"ಗಾಲಿ ಹಿಂದ ಭಾರ ಬಿದ್ರ ಮುಂದಿನ ಮೂತಿ ಎದ್ದು ಗಾಡಿ ಬೀಸತೈತಿ. ಡ್ರಮ್ ಮುಂದ ಸರಸ್ರಿ. ಮತ್ತ ಬೀಸಿದ್ರ ಬ್ರೇಕ್ ಹೊಡೀಬ್ಯಾಡ್ರಿ. ಸ್ಟೇರಿಂಗ್ ಸೀದಾ ಹಿಡದು ಎಕ್ಸಿಲೇಟರ್ ಬಿಡ್ರಿ, ತಾನ ನಿಲ್ಲತೈತಿ."

ನನ್ನ ಗಂಡ ಅಲ್ಲಿದ್ದ ಟಯರಿನ ಮೇಲೆ ಕುಸಿದು ಕೂತರು. "ಇಷ್ಟ ಮಾಡಿದ್ರ ಸಾಕಿತ್ತೇನು?" ಎಂದರು. ಮಿಸ್ತ್ರಿ ನನ್ನತ್ತ ನೋಡಿ, "ಭಾಭಿ, ನೀರು ಕೊಡ್ಲಾ?" ಎಂದರು. ಹುಕ್ಕೇ ಹಾಕಿ ಎಂದು ನಾನೇ ಹೇಳಿದೆ.

ಆಮೇಲೆ ಟ್ರೇಲರ್ ನೆಟ್ಟಗೆ ಬಂತು. ಆದರೆ ಅವರು ಎತ್ತಿನ ಗಾಡಿಗಿಂತ ನಿಧಾನ ಓಡಿಸುತ್ತಿದ್ದರು. ಮದುವೆಮನೆಯವರು ಬೈದು ಬೇರೆಯವರನ್ನು ಕರೆದರು. ಕೊನೆಗೆ ಎಲ್ಲವನ್ನೂ ಮಾರಿ ಒಂದು ಕಾರ್ಖಾನೆಗೆ ಸೇರಿಕೊಂಡರು. ನಮಗೆ ಮತ್ತೆ ಮಕ್ಕಳಾಗಲಿಲ್ಲ. ಸಂಜೆ ಲೋಕಲ್ ರೈಲು ಇಳಿದು ಬಂದವರು ಚಹಾ ಕುಡಿಯುತ್ತ ನಾವಿದ್ದ ಚಾಳಿನ ಮಕ್ಕಳ ಆಟವನ್ನು ನೋಡುತ್ತ ಕೂರುತ್ತಿದ್ದರು. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ.