ದೊಡ್ಡಮ್ಮನ ಮನೆಯ ಹಗೇವು

ಕಳೆದ ವರ್ಷ ಸುಗ್ಗಿಯ ಹೊತ್ತಿನಲ್ಲಿ ಶಿಕಾರಿಪುರದ ಮಾರುಕಟ್ಟೆ ಪ್ರಾಂಗಣವನ್ನು ಹಾದು ಬರುತ್ತಿದ್ದೆ. ಅಕಾಲದ ಮಳೆಗೆ ಹೆದರಿ ಯಾರೋ ಮೆಕ್ಕೆಜೋಳದ ರಾಶಿಗೆ ತಾಡಪಾಲು ಹೊದಿಸಿದ್ದರು. ನಾನು ಹತ್ತಿರ ಬರುವ ಹೊತ್ತಿಗೆ ಅದನ್ನು ಸರಕ್ಕನೆ ಎಳೆದರು. ಒಳಗೇ ಬೆವೆತ ಕಾಳಿನ ಬೆಚ್ಚನೆಯ ಹುಳಿ ವಾಸನೆ ಮುಖಕ್ಕೆ ಬಡಿಯಿತು. ನಾನು ಅಲ್ಲೇ ನಿಂತುಬಿಟ್ಟೆ. ಉಸಿರು ಬಿಗಿಹಿಡಿದಿದ್ದೇನೆಂದು ಗೊತ್ತಾದದ್ದು ಹಮಾಲನೊಬ್ಬ, “ಮೇಡಂ, ದಾರಿ ಬಿಡ್ರಿ” ಎಂದು ಗದರಿದಾಗಲೇ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಮುಚ್ಚಿಟ್ಟ ಕಾಳು ಏನನ್ನು ಉಸಿರಾಗಿ ಬಿಡುತ್ತದೆ, ಅದು ಯಾಕೆ ತಗ್ಗಿನಲ್ಲಿ ಹೋಗಿ ಕೂರುತ್ತದೆ ಎಂಬುದನ್ನೆಲ್ಲ ಬಲ್ಲೆ. ಆದರೆ ಆ ವಾಸನೆಯ ಎದುರು ಓದಿದ್ದು ಒಂದೂ ನಿಲ್ಲುವುದಿಲ್ಲ. ಪ್ರತಿ ಸಲವೂ ದೊಡ್ಡಮ್ಮನ ಹಿತ್ತಲಲ್ಲಿ, ನೆಲದೊಳಗಿನ ಕತ್ತಲೆಯ ಬಾಯಿಯ ಬಳಿ ಮಂಡಿಯೂರಿ ಕೂತ ಪುಟ್ಟ ಹುಡುಗಿಯಾಗಿಬಿಡುತ್ತೇನೆ.

ಹಗೇವು ಎಂದರೆ ಈಗಿನವರಿಗೆ ಬಿಡಿಸಿ ಹೇಳಬೇಕು. ಅದು ನೆಲದಲ್ಲಿ ತೋಡಿದ ಕಾಳಿನ ಕಣಜ. ಬಾಯಿ ಒಬ್ಬರು ತೂರುವಷ್ಟು ಕಿರಿದು, ಹೊಟ್ಟೆ ಕೋಣೆಯಷ್ಟು ಅಗಲ. ಸುತ್ತ ಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ನನ್ನ ತಾಯಿಯ ಅಕ್ಕ, ದೊಡ್ಡಮ್ಮ, ಶಿಕಾರಿಪುರದ ತನ್ನ ಮನೆಯ ಹಿತ್ತಲಲ್ಲಿ ಅದನ್ನು ಉಳಿಸಿಕೊಂಡಿದ್ದಳು. ಮಾಸ್ತರಿಕೆ ಮಾಡುತ್ತಿದ್ದ ದೊಡ್ಡಪ್ಪ ತೀರಿಹೋದ ಮೇಲೆ, ಮಕ್ಕಳಿಲ್ಲದ ಆ ಮನೆಯನ್ನು ಅವಳು ಹೈಸ್ಕೂಲು ಓದುವ ಹಳ್ಳಿಯ ಹುಡುಗಿಯರಿಗೆ ಬಿಟ್ಟುಕೊಟ್ಟಿದ್ದಳು. ನಮ್ಮ ಊರಲ್ಲಿ ಶಾಲೆ ಸರಿಯಿಲ್ಲವೆಂದು ನನ್ನನ್ನೂ ಅಲ್ಲೇ ಬಿಟ್ಟಿದ್ದರು. ಅಲ್ಲಿಗೊಂದು ಕಟ್ಟಳೆ ಇತ್ತು. ಯಾವ ಮನೆಯಿಂದ ಬಂದ ಜೋಳವಾದರೂ ಅಂಗಳದಲ್ಲಿ ಒಟ್ಟಿಗೆ ರಾಶಿ ಹಾಕಿ, ಒಂದೇ ಹಗೇವಿಗೆ ಸುರಿಯಬೇಕು. ಯಾರದು ಹೆಚ್ಚು, ಯಾರದು ಕಡಿಮೆ, ಯಾರು ಏನೂ ತರಲಿಲ್ಲ ಎಂಬುದು ಆ ಕತ್ತಲೆಯೊಳಗೆ ಕರಗಿಹೋಗಬೇಕು. ತಟ್ಟೆಯ ಮುಂದೆ ಎಲ್ಲರೂ ಸಮ.

ಆ ಮನೆಯ ಬೆಳಗನ್ನು ನೆನೆಸಿಕೊಂಡರೆ ಮೊದಲು ಕೇಳುವುದು ರೊಟ್ಟಿ ಬಡಿಯುವ ಸದ್ದು. ಹಿರಿಯ ಹುಡುಗಿಯರು ಸರದಿಯ ಮೇಲೆ ಒಲೆ ಮುಂದೆ ಕೂರುತ್ತಿದ್ದರು. ಬಡಿಯುವವಳು ಬಡಿಯುತ್ತಲೇ ಪಾಠ ಒಪ್ಪಿಸಬೇಕು, ಪುಸ್ತಕ ಹಿಡಿದ ದೊಡ್ಡಮ್ಮ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ತಪ್ಪು ಹಿಡಿಯುತ್ತಿದ್ದಳು. ಹತ್ತನೇ ತರಗತಿಯಲ್ಲಿದ್ದ ರೇಣುಕಾ ಚಂದ್ರಗುತ್ತಿ ಕಡೆಯವಳು, ಸೊರಬ ತಾಲೂಕಿನ ಅನ್ನ ಉಂಡು ಬೆಳೆದವಳು. ಅವಳ ರೊಟ್ಟಿ ಒಂದು ದಿನವೂ ದುಂಡಗೆ ಬರಲಿಲ್ಲ. ಜೊತೆಯವಳಾದ ಗಿರಿಜಾ ದಾವಣಗೆರೆ ದಾರಿಯ ಹಳ್ಳಿಯವಳು, ಅವಳ ಬಾಯಿಗೆ ಬೀಗವಿರಲಿಲ್ಲ.

“ನೋಡ್ರಿ ದೊಡ್ಡಮ್ಮ, ಇದು ರೊಟ್ಟಿ ಅಲ್ಲ, ಸೊರಬ ತಾಲೂಕಿನ ನಕ್ಷೆ.”

“ನಕ್ಷೆನಾರೂ ಆಗ್ಲಿ ಬಿಡೆ,” ಎನ್ನುತ್ತಿದ್ದಳು ರೇಣುಕಾ, “ಹೊಟ್ಟೆಗೆ ಹೋದ್ಮೇಲೆ ಗಡಿ ಯಾರು ಕೇಳ್ತಾರೆ?”

ರೇಣುಕಾಳ ಮನೆಯಿಂದ ಜೋಳ ಬರುತ್ತಿರಲಿಲ್ಲ, ಆ ವರ್ಷ ಅಕ್ಕಿಯೂ ಬಂದಿರಲಿಲ್ಲ. ಯಾರೂ ಕೇಳಿರಲಿಲ್ಲ. ಕೇಳದೇ ಇದ್ದುದೇ ಅವಳಿಗೆ ಭಾರವಾಗಿತ್ತೆಂದು ಈಗ ಅನ್ನಿಸುತ್ತದೆ. ನೀರು ಸೇದುವುದಿರಲಿ, ಕೊಟ್ಟಿಗೆ ಬಳಿಯುವುದಿರಲಿ, ಅವಳೇ ಮುಂದು.

ಹಗೇವಿಗೆ ಇಳಿಯುವ ಕೆಲಸ ಮಾತ್ರ ಹುಡುಗಿಯರದಲ್ಲ. ಅದಕ್ಕೆ ಓಣಿಯ ಒಬ್ಬ ಆಳು ಬರುತ್ತಿದ್ದ. ಅವನಿಗೂ ದೊಡ್ಡಮ್ಮನ ನಿಯಮಗಳಿದ್ದವು. ಬೆಳಿಗ್ಗೆ ಚಪ್ಪಡಿ ಸರಿಸಿ ಮಧ್ಯಾಹ್ನದವರೆಗೆ ಬಿಡಬೇಕು. ಹಗ್ಗಕ್ಕೆ ಕಟ್ಟಿದ ದೀಪ ಒಳಗೆ ಇಳಿಬಿಟ್ಟು, ಅದು ಆರದೆ ಉರಿದರೆ, ಅಂದರೆ ಒಳಗೆ ಕೆಟ್ಟ ಗಾಳಿ ಇಲ್ಲವೆಂದು ಗೊತ್ತಾದರೆ ಮಾತ್ರ ಇಳಿಯಬೇಕು. ಇಳಿಯುವವರ ಸೊಂಟಕ್ಕೆ ಹಗ್ಗವಿರಲೇಬೇಕು. ಕೊನೆಯದನ್ನು ಅವಳು ಪ್ರತಿ ಸಲವೂ ಎಲ್ಲರ ಮುಖ ನೋಡಿ ಹೇಳುತ್ತಿದ್ದಳು: “ಒಳಗಿದ್ದೋರು ಬಿದ್ರೆ ಎತ್ತಾಕೆ ಅಂತ ಇನ್ನೊಬ್ರು ಜಿಗೀಬಾರ್ದು.” ಅವಳ ಅಪ್ಪ, ಅಂದರೆ ನನ್ನ ಅಜ್ಜ, ಹಾಗೆಯೇ ಸತ್ತದ್ದು. ತವರಿನ ಹಗೇವಿನಲ್ಲಿ ತನ್ನ ತಮ್ಮ ಕುಸಿದನೆಂದು ಹಿಂದೆಯೇ ಜಿಗಿದಿದ್ದ. ಇಬ್ಬರನ್ನೂ ಹೆಣವಾಗಿ ಎತ್ತಿದರು. ದೊಡ್ಡಮ್ಮನಿಗೆ ಆಗ ನಾಲ್ಕನೇ ಇಯತ್ತೆ. ಶಾಲೆ ಬಿಡಿಸಿ, ಕೈಗೂಸಾಗಿದ್ದ ನನ್ನ ತಾಯಿಯನ್ನು ಅವಳ ಸೊಂಟಕ್ಕೆ ಏರಿಸಿದರು. ಮದುವೆಯಾದ ಮೇಲೆ ಗಂಡನಿಂದ ಪಾಠ ಹೇಳಿಸಿಕೊಂಡು, ಓಣಿಯವರು ನಗುತ್ತಿದ್ದರೂ ಪರೀಕ್ಷೆ ಕಟ್ಟಿ ಏಳನೆಯದನ್ನು ಪಾಸು ಮಾಡಿದವಳು ಅವಳು. ಅಂಥ ಸಾವು ಕಂಡೂ ಹಗೇವು ಯಾಕೆ ಇಟ್ಟುಕೊಂಡಿದ್ದೀ ಎಂದು ನನ್ನ ತಾಯಿ ಕೇಳಿದರೆ, “ಅಪ್ಪನ್ನ ಕೊಂದಿದ್ದು ಹಗೇವಲ್ಲ, ಅವಸರ” ಎನ್ನುತ್ತಿದ್ದಳು.

ಆ ದಿನ ಆಳು ಬರಲಿಲ್ಲ. ಹಿಟ್ಟಿನ ಡಬ್ಬಿ ಬರಿದಾಗಿತ್ತು. ಚಪ್ಪಡಿ ಸರಿಸಿ ಬಹಳ ಹೊತ್ತಾಗಿತ್ತು, ದೀಪ ಇಳಿಬಿಟ್ಟಾಗಿತ್ತು. ಕಾಳಿನ ರಾಶಿಯ ಮೇಲೆ ಅದು ನೆಟ್ಟಗೆ ಉರಿಯುವುದನ್ನು ನಾನೂ ಬಗ್ಗಿ ನೋಡಿದೆ. ರೇಣುಕಾ ಆಗಲೇ ಲಂಗ ಎತ್ತಿ ಕಟ್ಟಿದ್ದಳು. “ತಂದಿದ್ದಂತೂ ಏನೂ ಇಲ್ಲ, ಇಳಿಯಾದಾರೂ ನಾನು ಇಳೀತೀನಿ ದೊಡ್ಡಮ್ಮ.” ದೊಡ್ಡಮ್ಮ ದೀಪವನ್ನು ಇನ್ನೊಮ್ಮೆ ಬಗ್ಗಿ ನೋಡಿದಳು. ಆಮೇಲೆ ತಾನೇ ಅವಳ ಸೊಂಟಕ್ಕೆ ಹಗ್ಗ ಬಿಗಿದಳು.

ಕಳೆದ ಸಲ ಇಳಿದಿದ್ದ ಆಳು ಗೋಡೆಯ ಬದಿ ತೇವ ಹಿಡಿದ ಕಾಳನ್ನು ಮೊದಲು ತೆಗೆದಿದ್ದ. ಅಲ್ಲೊಂದು ತಗ್ಗು ಉಳಿದಿತ್ತು. ದೀಪ ಇಳಿದದ್ದು ನಡುವಿನ ದಿಬ್ಬದ ಮೇಲೆ. ಕೆಟ್ಟ ಗಾಳಿ ಕೂತಿದ್ದದ್ದು ತಗ್ಗಿನಲ್ಲಿ.

ಕಾಳು ತುಂಬಿದ ಮೊದಲ ಪುಟ್ಟಿ ಮೇಲೆ ಬಂತು. ಒಳಗಿನಿಂದ ಅವಳ ಮಾತು ಗವಿಯೊಳಗಿನ ಮಾತಿನಂತೆ ಕೇಳುತ್ತಿತ್ತು. “ಗಿರಿಜಾ, ಇಲ್ಲಿ ಬೆಚ್ಚಗೈತೆ ಕಣೆ, ಚಳಿಗಾಲಕ್ಕೆ ಇಲ್ಲೇ ಬಂದು ಓದ್ಕಳ...” ಮಾತು ಅಲ್ಲಿಗೇ ನಿಂತಿತು. ಅವಳು ತಗ್ಗಿಗೆ ಬಗ್ಗಿದ್ದಳು. ಇಂದಿಗೂ ಮೊಬೈಲಿನಲ್ಲಿ ಮಾತಾಡುತ್ತಿರುವಾಗ ಆಚೆಯವರ ಮಾತು ಅರ್ಧಕ್ಕೆ ಕಡಿದರೆ ನಾನು ಅವರ ಹೆಸರು ಹಿಡಿದು ಕೂಗಿಬಿಡುತ್ತೇನೆ. ನಾನು ಬಗ್ಗಿ ನೋಡಿದೆ. ದೀಪದ ಬೆಳಕಿನ ಅಂಚಿನಲ್ಲಿ ಅವಳ ಜಡೆ ಕಾಳಿನ ಮೇಲೆ ಬಿದ್ದಿತ್ತು, ಅಲುಗುತ್ತಿರಲಿಲ್ಲ.

ಗಿರಿಜಾ ಚೀರಿ ಹಗೇವಿನ ಬಾಯಿಗೆ ಕಾಲಿಟ್ಟಳು. ದೊಡ್ಡಮ್ಮ ಅವಳ ಜಡೆ ಹಿಡಿದು ಹಿಂದಕ್ಕೆ ಒಗೆದಳು. ಅಷ್ಟು ಒರಟಾಗಿ ಅವಳು ಯಾರನ್ನೂ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. “ಜಿಗದ್ರೆ ಇಬ್ರೂ ಸಾಯ್ತೀರಿ. ಹಗ್ಗ ಹಿಡಿ!” ಎಲ್ಲರೂ ಹಗ್ಗಕ್ಕೆ ಬಿದ್ದೆವು. ನಾನು ಮುಂದಿದ್ದೆ, ಹತ್ತಿರದಿಂದಲೇ ಕಂಡೆ. ದೇಹ ತೂಗಾಡುತ್ತ ಮೇಲೆ ಬಂತು, ಕಿರಿದಾದ ಬಾಯಿಯ ಕೆಳಗೆ ಭುಜ ಸಿಕ್ಕಿಕೊಂಡಿತು. ಎಳೆದಷ್ಟೂ ಬಿಗಿಯಿತು. ದೊಡ್ಡಮ್ಮ ನೆಲಕ್ಕೆ ಬೋರಲಾಗಿ ಮಲಗಿ, ಉಸಿರು ತುಂಬಿಕೊಂಡು, ತಲೆ ತೋಳು ಎರಡನ್ನೂ ಒಳಗಿಟ್ಟಳು. ಒಳಗೆ ಅವಳು ಏನು ಮಾಡಿದಳೋ ಕಾಣಲಿಲ್ಲ, ಬೆನ್ನು ಮಾತ್ರ ನಡುಗುತ್ತಿತ್ತು. ತಲೆ ಹೊರಗೆಳೆದು “ಈಗ” ಎಂದಳು. ರೇಣುಕಾ ಒಂದು ಕೈ ಮೇಲಾಗಿ ಹೊರಗೆ ಬಂದಳು. ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಿತ್ತು. ಕೆನ್ನೆಗೆ ಅಂಟಿದ್ದ ಜೋಳದ ಕಾಳು ಒಂದೊಂದೇ ಉದುರಿದವು. ದೊಡ್ಡಮ್ಮ ಅವಳ ಬೆನ್ನು ತಿಕ್ಕಿದಳು, ಎದೆ ಒತ್ತಿದಳು, ಕೊನೆಗೆ ಹೆಸರು ಹಿಡಿದು ಬೈಯತೊಡಗಿದಳು. ಆ ಬೈಗುಳದ ನಡುವೆ ರೇಣುಕಾ ಕೆಮ್ಮಿದಳು. ಅವಳು ಕೆಮ್ಮದೇ ಹೋದ ಇನ್ನೊಂದು ದಿನವನ್ನು ನಾನು ಎಷ್ಟೋ ಸಲ ಕನಸಿನಲ್ಲಿ ಕಂಡಿದ್ದೇನೆ.

ಸುದ್ದಿ ಬಸ್ಸಿಗಿಂತ ಮೊದಲು ಹೋಯಿತು. ಒಂದೆರಡು ಮನೆಯವರು ತಮ್ಮ ಹುಡುಗಿಯರನ್ನು ಕರೆದುಕೊಂಡು ಹೋದರು. ಅವರಲ್ಲೊಬ್ಬಳನ್ನು ಮುಂದೆ ಆನವಟ್ಟಿಯ ಬಸ್ ನಿಲ್ದಾಣದಲ್ಲಿ ಕಂಡೆ. ಕಂಕುಳಲ್ಲಿ ಕೂಸಿತ್ತು. “ದೊಡ್ಡಮ್ಮ ಈಗ್ಲೂ ಹೊಗೇಲೇ ಪಾಠ ಕೇಳ್ತಾರಾ?” ಎಂದಷ್ಟೇ ಕೇಳಿದಳು. ರೇಣುಕಾಳ ಅಪ್ಪ ಹುಚ್ಚಪ್ಪ ಮರುದಿನವೇ ಬಂದ, ಮಗಳ ಬಟ್ಟೆ ತುಂಬಲು ಖಾಲಿ ಚೀಲ ಹಿಡಿದುಕೊಂಡು. ಜಗಲಿಯಲ್ಲಿ ಕೂರಲಿಲ್ಲ.

“ಓದ್ಸಕ್ಕೆ ಅಂತ ಬಿಟ್ಟಿದ್ದೆ ಅಮ್ಮಾರೆ, ಹೂಳಕ್ಕಲ್ಲ. ಓದಿದ್ದು ಸಾಕು. ಗಂಡಿನ ಕಡೇರು ಹೆಂಗೂ ಕೇಳ್ತಾ ಅವ್ರೆ. ನಡಿಯೇ.”

ಪರೀಕ್ಷೆ ಹತ್ತಿರ ಬಂದಿತ್ತು. ಈಗ ಹೋದರೆ ರೇಣುಕಾ ಮತ್ತೆ ಬರುವುದಿಲ್ಲವೆಂಬುದು ಚಿಕ್ಕವಳಾದ ನನಗೂ ಗೊತ್ತಿತ್ತು.

“ತಪ್ಪು ನಂದೇ ಹುಚ್ಚಪ್ಪಣ್ಣ,” ಎಂದಳು ದೊಡ್ಡಮ್ಮ. “ದೀಪ ನಡುವಕ್ಕೆ ಬಿಟ್ಟೆ, ಮೂಲೆಗೆ ಬಿಡ್ಲಿಲ್ಲ. ಹಗೇವು ಇವತ್ತೇ ಮುಚ್ಚಿಸ್ತೀನಿ. ಮನಿ ಮುಚ್ಚಲ್ಲ.”

“ನಿಮ್ಮನೆ ಏನಾರೂ ಮಾಡ್ಕಳಿ. ಮಗಳು ನನ್ನವಳು.”

“ಹೌದ್ರಿ, ನಿಮ್ಮಾಕಿನೇ. ನಮ್ಮಪ್ಪನ್ನ ಹಗೇವಿಂದ ಎತ್ತಿದ ಮ್ಯಾಲೆ ನನ್ನ ಶಾಲಿ ಬಿಡಿಸಿದ್ರು. ಸತ್ತಾವ ಅಪ್ಪ, ಮೂಲಿಗೆ ಬಿದ್ದಾಕಿ ನಾನು. ನಿಮ್ಮ ಮಗಳು ಬದುಕ್ಯಾಳ. ಬದುಕಿದ್ದಕ್ಕೆ ಶಿಕ್ಷೆ ಕೊಡಬ್ಯಾಡ್ರಿ.”

ಬಾಗಿಲ ಸಂದಿಯಿಂದ ರೇಣುಕಾ ಹೊರಗೆ ಬಂದಳು. ದನಿ ಇನ್ನೂ ಒಡೆದಿತ್ತು. “ಪರೀಕ್ಷೆ ಬರ್ದು ಬರ್ತೀನಿ ಅಪ್ಪಾ. ಫೇಲಾದ್ರೆ ನೀ ಹೇಳ್ದಂಗೆ ಕೇಳ್ತೀನಿ.”

ಹುಚ್ಚಪ್ಪ ಹಿತ್ತಲಿಗೆ ಹೋಗಿ ಹಗೇವಿನ ಬಾಯಿಯ ಬಳಿ ನಿಂತ. “ಯಾರು ಎಳ್ದಿದ್ದು ಇವಳನ್ನ?”

“ನಾವೇ ಎಳ್ದಿದ್ದು ಕಾಕಾ,” ಎಂದಳು ಗಿರಿಜಾ. “ಅನ್ನ ಉಂಡು ಉಂಡು ಏನ್ ಭಾರ ಆಗ್ಯಾಳ್ರಿ ನಿಮ್ ಮಗಳು!”

ಅವನ ಮುಖದಲ್ಲಿ ನಗುವೋ ಅಳುವೋ ತಿಳಿಯದ ಒಂದು ಎಳೆ ಹಾದುಹೋಯಿತು. ಊಟಕ್ಕೂ ಒಳಗೆ ಬರಲಿಲ್ಲ. ಸಂಜೆಯ ಬಸ್ಸಿನ ಹೊತ್ತಿಗೆ ಖಾಲಿ ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು, ಒಬ್ಬನೇ ಹೋದ.

ಆಳು ಬಂದು ಉಳಿದ ಜೋಳ ಎತ್ತಿದ ಮೇಲೆ, ಹಗೇವನ್ನು ನಾವೇ ಮಣ್ಣು ಹೊತ್ತು ತುಂಬಿದೆವು. ಅಂದಿನಿಂದ ಜೋಳ ನಡುಮನೆಯ ಡ್ರಮ್ಮುಗಳಿಗೆ ಬಂತು. ಆಗಲೂ ಎಲ್ಲರದೂ ಒಟ್ಟಿಗೇ. ರೇಣುಕಾ ಪಾಸಾದಳು, ಆಮೇಲೂ ಓದಿದಳು. ಈಗ ಸೊರಬದ ಕಡೆ ದನಗಳ ಡಾಕ್ಟರು. ದೊಡ್ಡಮ್ಮ ಇಲ್ಲ. ಆ ಮನೆ ಇದ್ದ ಜಾಗದಲ್ಲಿ ಅಂಗಡಿ ಸಾಲು ಎದ್ದಿದೆ. ಹಿತ್ತಲು ಎಲ್ಲಿ ಶುರುವಾಗುತ್ತಿತ್ತು ಎಂದು ಹುಡುಕಿದರೂ ಸಿಗುವುದಿಲ್ಲ. ನನ್ನ ಮನೆಯ ಮೇಲಿನ ಕೋಣೆಯಲ್ಲಿ ಕಾಲೇಜು ಓದುವ ಇಬ್ಬರು ಹಳ್ಳಿಯ ಹುಡುಗಿಯರಿದ್ದಾರೆ. ಅವರು ಬಚ್ಚಲಲ್ಲಿ ತುಸು ಹೆಚ್ಚು ಹೊತ್ತು ಸುಮ್ಮನಿದ್ದರೂ ಬಾಗಿಲು ತಟ್ಟುತ್ತೇನೆ. ಬೈಸಿಕೊಳ್ಳುತ್ತೇನೆ. ಆದರೂ ಅವರನ್ನು ಕಳಿಸುವುದಿಲ್ಲ.

ರೇಣುಕಾ ಪಾಸಾದ ಮೇಲೆ ಹೊಸ ವರ್ಷದ ಶಾಲೆ ಶುರುವಾಗುವ ಹೊತ್ತಿನ ಒಂದು ಬೆಳಗು ಮಾತ್ರ ನನ್ನೊಳಗೆ ಕೆಡದೆ ಉಳಿದಿದೆ. ಹುಚ್ಚಪ್ಪ ಮತ್ತೆ ಬಾಗಿಲಲ್ಲಿ ನಿಂತಿದ್ದ. ಈ ಸಲ ಅವನ ಕೈ ಹಿಡಿದು ರೇಣುಕಾಳ ತಂಗಿ ನಿಂತಿದ್ದಳು, ಎಣ್ಣೆ ಹಚ್ಚಿ ಬಿಗಿದ ಜಡೆ, ದೊಗಲೆ ಅಂಗಿ. ಅವನು ಅಂಗಳವನ್ನೇ ನೋಡುತ್ತ, “ಇವಳನ್ನೂ ಇಟ್ಕಳ್ರಿ” ಎಂದ. ದೊಡ್ಡಮ್ಮ ಆ ಹುಡುಗಿಯ ಕೈಯನ್ನು ಅವನ ಕೈಯಿಂದ ಬಿಡಿಸಿಕೊಂಡು, “ಉಂಡು ಬಂದೀಯೇನವ್ವ?” ಎಂದು ಕೇಳುತ್ತ ಒಳಗೆ ನಡೆದಳು.